ಗೋಡೆ ಪಕ್ಕದ ಊರಿನ ನಿರ್ದೇಶಕ

ಪ್ರಶ್ನೆ: ಸರ್, ನನಗೆ ಹಾರರ್ ಸಿನಿಮಾ ಹುಚ್ಚು. ನಿರ್ದೇಶಕ ನೀಲ್ ಮಾರ್ಷಲ್ ಅವರ ‘ದ ಡಿಸೆಂಟ್’ ನೋಡಿ ಎರಡು ದಿನ ಲಿಫ್ಟ್ ಹತ್ತಲಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯ ಎರಡು ದೊಡ್ಡ ಯುದ್ಧದ ಎಪಿಸೋಡ್‌ಗಳೂ ಅವರವೇ ಎಂದು ಆಮೇಲೆ ಗೊತ್ತಾಯಿತು. ಅದೇ ಹೆಸರು ನಂಬಿಕೊಂಡು 2019ರ ‘ಹೆಲ್‌ಬಾಯ್’ ಹಾಕಿದೆ. ಅರ್ಧಕ್ಕೇ ಎದ್ದೆ. ಒಬ್ಬರೇ ಇಷ್ಟು ಚೆನ್ನಾಗಿಯೂ ಇಷ್ಟು ಕೆಟ್ಟದಾಗಿಯೂ ಹೇಗೆ ತೆಗೆಯುತ್ತಾರೆ? ನಿರ್ಮಾಪಕರು ಕೆಡಿಸಿದರಾ, ಇಲ್ಲಾ ಅವರ ಸರಕೇ ಮುಗಿಯಿತಾ? ಇನ್ನೊಂದು ವಿಷಯ. ನಾನು ನೋಡಿದ ‘ಡಿಸೆಂಟ್’ ಕಾರಿನಲ್ಲಿ ಮುಗಿಯುತ್ತದೆ. ನನ್ನ ಗೆಳೆಯ ಗುಹೆಯಲ್ಲಿ ಮುಗಿಯುತ್ತದೆ ಅಂತ ವಾದ ಮಾಡುತ್ತಾನೆ. ಯಾರು ಸರಿ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಸುಲಭ. ನೀವೂ ಸರಿ, ನಿಮ್ಮ ಗೆಳೆಯರೂ ಸರಿ. ಸಿನಿಮಾ ಇನ್ನೂ ನೋಡದವರು ಮುಂದಿನ ಎರಡು ಪ್ಯಾರಾ ಹಾರಿಸಿಬಿಡಿ.

ಬ್ರಿಟನ್ನಿನಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಗುಹೆಯೊಳಗೆ ಸಿಕ್ಕಿಕೊಂಡ ನಾಯಕಿ ಸಾರಾ ಮೂಳೆಗಳ ರಾಶಿ ಹತ್ತಿ ಹೊರಗೆ ಬರುತ್ತಾಳೆ. ಕಾರು ಓಡಿಸುತ್ತಾಳೆ. ಪಕ್ಕದ ಸೀಟಿನಲ್ಲಿ ರಕ್ತ ಮೆತ್ತಿಕೊಂಡ ಗೆಳತಿ ಜೂನೋ ಕೂತಿರುತ್ತಾಳೆ. ಸಾರಾ ಕಿರುಚುತ್ತಾಳೆ. ನೀವು ನೋಡಿದ್ದು ಇಲ್ಲಿಗೆ ಮುಗಿಯಿತು, ಅಲ್ವಾ? ಮೂಲದಲ್ಲಿ ಇನ್ನೂ ಸ್ವಲ್ಪ ಇದೆ. ಕಣ್ಣು ಬಿಟ್ಟರೆ ಅವಳು ಗುಹೆಯಲ್ಲೇ ಇದ್ದಾಳೆ. ಹೊರಗೆ ಬಂದಿದ್ದೆಲ್ಲ ಭ್ರಮೆ. ಎದುರಿಗೆ ಸತ್ತುಹೋದ ಮಗಳು, ಹುಟ್ಟುಹಬ್ಬದ ಕೇಕು, ಅದರ ಮೇಲೆ ಮೇಣದ ಬತ್ತಿ. ಸಾರಾ ನಗುತ್ತಾಳೆ. ಕ್ಯಾಮೆರಾ ಹಿಂದೆ ಸರಿಯುತ್ತದೆ. ನೋಡಿದರೆ ಕೇಕೂ ಇಲ್ಲ, ಮಗಳೂ ಇಲ್ಲ. ಉರಿಯುತ್ತಿರುವ ಒಂದು ದೀವಟಿಗೆ, ಸುತ್ತ ಕತ್ತಲು, ಗುಹೆಯಲ್ಲಿ ಅಡಗಿದ ಜೀವಿಗಳ ಸದ್ದು.

2006ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಇದು ತೀರಾ ಭಾರವಾಯಿತು ಎಂದು ಕೊನೆಯ ಒಂದು ನಿಮಿಷದಷ್ಟನ್ನು ಕತ್ತರಿಸಿದರು. ಕಿರುಚಾಟಕ್ಕೆ ಕಟ್, ನಂತರ ಹೆಸರುಗಳು. ನಿಮಗೆ ಸಿಕ್ಕಿದ್ದು ಆ ಪ್ರತಿ. 2009ರಲ್ಲಿ ಬಂದ ಎರಡನೇ ಭಾಗದ ಕಥೆಯೂ ಸಾರಾ ಹೊರಗೆ ಬಂದಿದ್ದಾಳೆ ಎಂದೇ ಶುರುವಾಗುತ್ತದೆ. ಅದನ್ನು ತೆಗೆದವರು ಮಾರ್ಷಲ್ ಅಲ್ಲ, ಮೊದಲ ಭಾಗದ ಎಡಿಟರ್ ಜಾನ್ ಹ್ಯಾರಿಸ್.

ನಾನು ಎಡಿಟಿಂಗ್ ಟೇಬಲ್ ಮುಂದೆ ಕೂತು ಅನ್ನ ಸಂಪಾದಿಸುವವನು. ಹಾಗಾಗಿ ಈ ಒಂದು ನಿಮಿಷದ ಕಥೆ ನನಗೆ ತುಂಬಾ ಇಷ್ಟ. ಒಂದೇ ಒಂದು ಕಟ್. ಸಾರಾ ಬದುಕಿದಳೋ ಸತ್ತಳೋ ಅನ್ನುವುದೇ ಬದಲಾಗಿಬಿಟ್ಟಿತು. ಮಾರ್ಷಲ್ ಕೂಡ ಮೂಲತಃ ಎಡಿಟರ್. ಅವರ ಗೆಲುವು, ಸೋಲು ಎರಡನ್ನೂ ಅಲ್ಲಿಂದ ನೋಡಿದರೆ ನಿಮ್ಮ ದೊಡ್ಡ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಇನ್ನರ್ಧ ಅವರ ಊರಿನಲ್ಲಿದೆ.

ಊರು ನ್ಯೂಕಾಸಲ್. ಇಂಗ್ಲೆಂಡಿನ ಉತ್ತರದ ತುದಿ, ಟೈನ್ ನದಿಯ ದಂಡೆ. ಹುಟ್ಟಿದ್ದು 1970ರಲ್ಲಿ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ವಾಲ್ಸೆಂಡ್ ಎಂಬ ಜಾಗ ಇದೆ. ಹೆಸರೇ ಹೇಳುತ್ತದೆ, ಗೋಡೆ ಮುಗಿಯುವ ಜಾಗ. ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸಲು ಶುರು ಮಾಡಿದ ಗೋಡೆ ಅದು. ದ್ವೀಪದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಸುಮಾರು 117 ಕಿಲೋಮೀಟರ್ ಉದ್ದ. ಈಚೆಗೆ ನಾವು, ಆಚೆಗೆ ಅವರು. ಈ ಗೋಡೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಮೂರು ಸಲ ಬರುತ್ತದೆ.

ಹನ್ನೊಂದನೇ ವಯಸ್ಸಿನಲ್ಲಿ ಥಿಯೇಟರಿನಲ್ಲಿ ಸ್ಪೀಲ್‌ಬರ್ಗ್ ಅವರ ‘ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್’ ನೋಡಿ ಹುಡುಗ ನಿರ್ದೇಶಕನಾಗುತ್ತೇನೆ ಎಂದು ತೀರ್ಮಾನ ಮಾಡಿಬಿಟ್ಟ. ಅಮ್ಮನ ಸೂಪರ್ 8 ಕ್ಯಾಮೆರಾದಲ್ಲಿ ಮನೆಯಲ್ಲೇ ಸಿನಿಮಾ ತೆಗೆಯಲು ಶುರು. 1989ರಲ್ಲಿ ನ್ಯೂಕಾಸಲ್ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಓದಿಗೆ ಸೇರಿದರು. ಆಮೇಲೆ ಸುಮಾರು ಎಂಟು ವರ್ಷ ಬೇರೆಯವರ ಫೂಟೇಜ್ ಜೋಡಿಸುವ ಕೆಲಸ. ಅದರ ನಡುವೆ ‘ಕಿಲ್ಲಿಂಗ್ ಟೈಮ್’ ಎಂಬ ಸಣ್ಣ ಬಜೆಟ್ಟಿನ ಚಿತ್ರಕ್ಕೆ ಬರೆದು, ಎಡಿಟ್ ಮಾಡಿದರು. ಅದರ ನಿರ್ದೇಶಕ ಭರತ್ ನಲ್ಲೂರಿ. ಹುಟ್ಟಿದ್ದು ಗುಂಟೂರಿನಲ್ಲಿ, ಬೆಳೆದದ್ದು ನ್ಯೂಕಾಸಲ್‌ನಲ್ಲಿ. ನಮ್ಮ ಪಕ್ಕದ ರಾಜ್ಯದವರು ಅಲ್ಲಿಯೂ ಸಿಕ್ಕಿಬಿಟ್ಟರು ನೋಡಿ.

ಎಂಟು ವರ್ಷ ಬೇರೆಯವರ ಫೂಟೇಜ್ ನೋಡಿದವನಿಗೆ ಒಂದು ಬುದ್ಧಿ ಬರುತ್ತದೆ. ಇದು ನನ್ನ ಅನುಭವವೂ ಹೌದು. ಬಾಗಿಲು ಯಾವ ಕಡೆ, ಕಿಟಕಿ ಯಾವ ಕಡೆ, ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದು ಪ್ರೇಕ್ಷಕನಿಗೆ ತಿಳಿಯದಿದ್ದರೆ ಫೈಟು ಎಷ್ಟು ಜೋರಾಗಿದ್ದರೂ ಅದು ಬರೀ ಗದ್ದಲ. ನಮ್ಮಲ್ಲೂ ಎಷ್ಟೋ ಸಲ ಇಡೀ ಜಾಗ ತೋರಿಸುವ ಆ ಒಂದು ವೈಡ್ ಶಾಟ್ ತೆಗೆದಿರುವುದೇ ಇಲ್ಲ. ಸೆಟ್ಟಿನಲ್ಲಿ ಮರೆತು, ಎಡಿಟರ್ ಹತ್ತಿರ ಬಂದು ‘ಏನಾದ್ರೂ ಮಾಡಿ ಸಾರ್’ ಅಂತಾರೆ. ಏನೂ ಮಾಡಲಾಗದೆ ಹಿನ್ನೆಲೆ ಸಂಗೀತದ ವಾಲ್ಯೂಮ್ ಏರಿಸುತ್ತೇವೆ. ಮಾರ್ಷಲ್ ಅವರ ಒಳ್ಳೆಯ ಕೆಲಸದಲ್ಲಿ ಈ ತಪ್ಪು ಹುಡುಕಿದರೂ ಸಿಗುವುದಿಲ್ಲ.

ಮೊದಲ ಚಿತ್ರ ‘ಡಾಗ್ ಸೋಲ್ಜರ್ಸ್’. 2002. ಹಣ ಹೊಂದಿಸುವುದಕ್ಕೇ ಆರು ವರ್ಷ ಹಿಡಿಯಿತು. ಕಥೆ ಒಂದೇ ಸಾಲು. ಸ್ಕಾಟ್ಲೆಂಡಿನ ಕಾಡಿನಲ್ಲಿ ತರಬೇತಿಗೆ ಹೋದ ಬ್ರಿಟಿಷ್ ಸೈನಿಕರ ಒಂದು ತುಕಡಿ, ಬೆನ್ನು ಹತ್ತಿದ ನರತೋಳಗಳು, ಕಾಡಿನ ನಡುವೆ ಒಂದು ಒಂಟಿ ಮನೆ, ಒಂದು ರಾತ್ರಿ. ಬೆಳಗಾಗುವ ತನಕ ಬಾಗಿಲು ಕಾಯಬೇಕು. ಸ್ಕಾಟ್ಲೆಂಡ್ ಅಂತ ತೋರಿಸಿದ್ದರಲ್ಲಿ ಬಹುಪಾಲು ಲಕ್ಸೆಂಬರ್ಗ್ ಅನ್ನುವುದು ಬೇರೆ ಮಾತು. ದುಡ್ಡು ಎಲ್ಲಿ ಸಿಗುತ್ತದೋ ಅಲ್ಲಿಗೆ ಕಾಡೂ ಹೋಗುತ್ತದೆ.

ತೋಳಗಳಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಬೇಡ ಎಂದು ಮಾರ್ಷಲ್ ಪಟ್ಟು ಹಿಡಿದರು. ತೋಳದ ವೇಷ ತೊಟ್ಟವರು ನೃತ್ಯ ಗೊತ್ತಿದ್ದವರು. ಎತ್ತರ ಕಾಣಲಿ ಎಂದು ಕಾಲಿಗೆ ಮರಗಾಲು. ನಮ್ಮ ಜಾತ್ರೆಗಳಲ್ಲಿ ಮರಗಾಲು ಕುಣಿತ ನೋಡಿದವರಿಗೆ ಇದರ ಗುಟ್ಟು ತಕ್ಷಣ ಹೊಳೆಯುತ್ತದೆ. ಮರಗಾಲಿನವನ ನಡಿಗೆಯಲ್ಲಿ ಒಂದು ವಿಚಿತ್ರ ತೂಕ, ತೂಗಾಟ ಇರುತ್ತದೆ. ಮನುಷ್ಯನ ಹಾಗೂ ಇಲ್ಲ, ಪ್ರಾಣಿಯ ಹಾಗೂ ಇಲ್ಲ. ಬಾಗಿಲ ಚೌಕಟ್ಟಿನಲ್ಲಿ ತಲೆ ಬಗ್ಗಿಸಿ ಒಳಗೆ ಬರುವ ಆ ಆಕಾರ ನೋಡಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆದರೆ ಆ ಚಿತ್ರ ನಿಂತಿರುವುದು ತೋಳಗಳ ಮೇಲಲ್ಲ, ಸೈನಿಕರ ಮಾತಿನ ಮೇಲೆ. ಅವರಿಗೆ ಇರುವ ಮೊದಲ ಸಂಕಟ ಏನು ಗೊತ್ತಾ? ಇಂಗ್ಲೆಂಡ್ ಫುಟ್‌ಬಾಲ್ ಮ್ಯಾಚ್ ಮಿಸ್ ಆಯಿತು ಅನ್ನುವುದು. ಸಾರ್ಜೆಂಟ್ ವೆಲ್ಸ್ ಪಾತ್ರದ ಶಾನ್ ಪರ್ಟ್ವೀ ಹೊಟ್ಟೆ ಹರಿದು ಕರುಳು ಹೊರಗೆ ಬರುತ್ತದೆ. ಜೊತೆಗಾರ ಅದನ್ನು ಒಳಗೆ ತಳ್ಳಿ ಸೂಪರ್ ಗ್ಲೂ ಹಾಕಿ ಅಂಟಿಸುತ್ತಾನೆ. ನಗಬೇಕೋ ಕಣ್ಣು ಮುಚ್ಚಬೇಕೋ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಈ ಹುಡುಗರು ನಮ್ಮ ಬೀದಿಯವರೇ ಆಗಿಬಿಡುತ್ತಾರೆ. ಆಮೇಲೆ ಒಬ್ಬೊಬ್ಬನೇ ಹೋದಾಗ ಹೊಟ್ಟೆ ಕಿವುಚುತ್ತದೆ.

ಇನ್ನು 2005ರ ‘ದ ಡಿಸೆಂಟ್’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನಿದನ್ನು ಮೊದಲು ನೋಡಿದ್ದು ಡಿವಿಡಿ ಬಾಡಿಗೆಗೆ ಸಿಗುತ್ತಿದ್ದ ಕಾಲದಲ್ಲಿ, ರಾತ್ರಿ ಹನ್ನೊಂದರ ಮೇಲೆ. ಸಾರಾ ಇಕ್ಕಟ್ಟಿನ ಸುರಂಗದಲ್ಲಿ ಸಿಕ್ಕಿಕೊಂಡು ಉಸಿರುಗಟ್ಟುವ ದೃಶ್ಯ ಇದೆಯಲ್ಲ, ಸರಿಯಾಗಿ ಅಲ್ಲಿಗೆ ಕರೆಂಟ್ ಹೋಯಿತು. ಸಿನಿಮಾದವರೇ ಪರದೆ ಕಪ್ಪು ಮಾಡಿದ್ದಾರೆ ಎಂದುಕೊಂಡು ಅರ್ಧ ನಿಮಿಷ ಹಾಗೇ ಕೂತಿದ್ದೆ. ಫ್ಯಾನ್ ನಿಂತಾಗಲೇ ಗೊತ್ತಾಗಿದ್ದು. ಬೇರೆ ಯಾವ ಚಿತ್ರಕ್ಕೂ ನಾನು ಹಾಗೆ ಮೋಸ ಹೋಗುತ್ತಿರಲಿಲ್ಲ.

ಆರು ಜನ ಹೆಂಗಸರು ಅಮೆರಿಕದ ಅಪಲೇಷಿಯನ್ ಬೆಟ್ಟಗಳ ಗುಹೆಯೊಂದಕ್ಕೆ ಇಳಿಯುತ್ತಾರೆ. ದಾರಿ ಕುಸಿಯುತ್ತದೆ. ಒಳಗೆ ಇನ್ನೇನೋ ಇದೆ. ಆದರೆ ಇಡೀ ಗುಹೆ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದ ಸೆಟ್ಟು. ನಿಜವಾದ ಗುಹೆಯಲ್ಲಿ ಯೂನಿಟ್ ಇಳಿಸುವುದು ಅಪಾಯ, ಸಮಯವೂ ಹಾಳು. ಕಲಾ ನಿರ್ದೇಶಕ ಸೈಮನ್ ಬೋಲ್ಸ್ ಕಟ್ಟಿದ ಬಂಡೆಗಳನ್ನೇ ತಿರುಗಿಸಿ, ಬೇರೆ ಕಡೆಯಿಂದ ಬೆಳಕು ಬಿಟ್ಟು, ಮತ್ತೆ ಮತ್ತೆ ಹೊಸ ಗುಹೆಯಾಗಿ ತೋರಿಸಿದರು. ಬಜೆಟ್ 35 ಲಕ್ಷ ಪೌಂಡ್. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ. ಅದೇ ವರ್ಷ ‘ದ ಕೇವ್’ ಎಂಬ ಇನ್ನೊಂದು ಗುಹೆ ಸಿನಿಮಾ ತುಂಬಾ ದೊಡ್ಡ ಬಜೆಟ್ಟಿನಲ್ಲಿ ತಯಾರಾಗುತ್ತಿತ್ತು. ಅದಕ್ಕಿಂತ ಮೊದಲೇ ಬರಬೇಕು ಎಂದು ಇವರು ಅವಸರದಲ್ಲಿ ಮುಗಿಸಿದರು. ಇವತ್ತು ಆ ‘ಕೇವ್’ ಯಾರಿಗೆ ನೆನಪಿದೆ ಹೇಳಿ?

ಬೆಳಕಿನ ವಿಷಯಕ್ಕೆ ಬರೋಣ. ಛಾಯಾಗ್ರಾಹಕ ಸ್ಯಾಮ್ ಮೆಕ್‌ಕರ್ಡಿ ಮತ್ತು ಮಾರ್ಷಲ್ ಒಂದು ನಿಯಮ ಹಾಕಿಕೊಂಡರು. ಪಾತ್ರಗಳು ತಮ್ಮ ಜೊತೆ ತಂದ ಬೆಳಕು ಬಿಟ್ಟರೆ ಗುಹೆಯೊಳಗೆ ಬೇರೆ ಬೆಳಕು ಇದೆ ಅನ್ನಿಸಬಾರದು. ಸಾಮಾನ್ಯವಾಗಿ ಸಿನಿಮಾದ ಕತ್ತಲು ಅಂದರೆ ನೀಲಿ ಬೆಳಕು. ನಮ್ಮಲ್ಲೂ ಅಷ್ಟೇ, ಅಮಾವಾಸ್ಯೆ ರಾತ್ರಿ ಅಂತಾರೆ, ನಾಯಕಿಯ ಮೂಗುತಿ ಪಳಪಳ ಹೊಳೆಯುತ್ತದೆ. ಇಲ್ಲಿ ಹಾಗಿಲ್ಲ. ಹೆಲ್ಮೆಟ್ ಟಾರ್ಚ್ ಎತ್ತ ತಿರುಗುತ್ತದೋ ಅಷ್ಟೇ ಕಾಣುವುದು. ಕೈಯಲ್ಲಿ ಉರಿಯುವ ಫ್ಲೇರ್ ಹಿಡಿದರೆ ಎಲ್ಲ ಕೆಂಪು. ಮುರಿದರೆ ಹೊಳೆಯುವ ಕಡ್ಡಿ ಬಳಸಿದರೆ ಎಲ್ಲ ಹಸಿರು.

ಎಡಿಟರ್ ಕಣ್ಣಿಂದ ನೋಡಿ. ತಂಡ ಚದುರಿದ ಮೇಲೆ ಯಾರು ಎಲ್ಲಿದ್ದಾರೆ ಎಂದು ಹೇಳಲು ಗುಹೆಯಲ್ಲಿ ಯಾವ ಗುರುತೂ ಇಲ್ಲ. ಎಲ್ಲ ಕಡೆ ಅದೇ ಕಲ್ಲು. ಆಗ ಈ ಬಣ್ಣಗಳೇ ವಿಳಾಸ. ಕೆಂಪಿನಿಂದ ಹಸಿರಿಗೆ ಕಟ್ ಮಾಡಿದರೆ ನಾವು ಬೇರೆ ಜಾಗಕ್ಕೆ ಬಂದೆವು ಎಂದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಪರದೆಯ ಮುಕ್ಕಾಲು ಭಾಗ ಕಪ್ಪಾಗಿದ್ದರೆ ಸೆಟ್ ಕಟ್ಟುವ ಖರ್ಚೂ ಉಳಿಯಿತು. ಬಡತನವನ್ನು ಹೀಗೆ ದುಡಿಸಿಕೊಂಡಿದ್ದು ನಾನು ಕಂಡಿದ್ದು ಕಡಿಮೆ.

ಇನ್ನೊಂದು ಲೆಕ್ಕ ನೋಡಿ. ಆ ಬಿಳಿಚಿದ ತೆವಳುವ ಜೀವಿಗಳು ಎದುರಿಗೆ ಬರುವ ಹೊತ್ತಿಗೆ ಚಿತ್ರದ ಅರ್ಧದಷ್ಟು ಕಳೆದಿರುತ್ತದೆ. ಅಲ್ಲಿಯ ತನಕ ಬರೀ ಇಕ್ಕಟ್ಟು, ಎತ್ತರ, ಮುರಿದ ಕಾಲು, ಗೆಳತಿಯರ ನಡುವಿನ ಮುಚ್ಚಿಟ್ಟ ದ್ರೋಹ. ಅಷ್ಟರಲ್ಲೇ ನಮ್ಮ ಜೀವ ಹೋಗಿರುತ್ತದೆ. ಆಮೇಲೆ ಕ್ಯಾಮ್‌ಕಾರ್ಡರಿನ ಇನ್‌ಫ್ರಾರೆಡ್ ಪರದೆ ಒಬ್ಬೊಬ್ಬರ ಮುಖದ ಮೇಲೆ ಸಾಗುತ್ತದೆ. ಗೆಳತಿಯರಲ್ಲಿ ಒಬ್ಬಳಾದ ಬೆತ್ ಹಿಂದೆ ಇನ್ನೊಂದು ಮುಖ ನಿಂತಿದೆ. ಸುಮ್ನೆ ನಿಂತಿದೆ, ಅಷ್ಟೇ. ನಟಿಯರಿಗೂ ಆ ವೇಷ ಮೊದಲೇ ತೋರಿಸಿರಲಿಲ್ಲ. ಮೊದಲ ಮುಖಾಮುಖಿಯ ಚಿತ್ರೀಕರಣದ ತನಕ ಮುಚ್ಚಿಟ್ಟಿದ್ದರು. ಆ ಕಿರುಚಾಟದಲ್ಲಿ ಸ್ವಲ್ಪ ಅಸಲಿಯೂ ಇದೆ.

ಬಿಡುಗಡೆಯ ಹೊತ್ತಿಗೆ ಒಂದು ದುರಂತ ಅಡ್ಡ ಬಂತು. ಜುಲೈ 7ರಂದು ಲಂಡನ್ನಿನ ಸಾರಿಗೆಯ ಮೇಲೆ ಬಾಂಬ್ ದಾಳಿ. ಮಾರನೇ ದಿನವೇ ಇವರ ಬಿಡುಗಡೆ. ಸ್ಫೋಟವಾದ ಬಸ್ಸಿನ ಮೈಮೇಲೆ ಇದೇ ಚಿತ್ರದ ಜಾಹೀರಾತಿತ್ತು. ಅದರಲ್ಲಿ ‘ಟೆರರ್’ ಎಂಬ ಪದ ಬೇರೆ. ಜಾಹೀರಾತು ಬದಲಿಸಬೇಕಾಯಿತು. ನೆಲದಡಿಯಲ್ಲಿ ಸಿಕ್ಕಿಕೊಳ್ಳುವ ಕಥೆಯನ್ನು ಆ ವಾರ ಲಂಡನ್ನಿನಲ್ಲಿ ಯಾರು ನೋಡುತ್ತಾರೆ? ಆದರೂ ಚಿತ್ರ ಜಗತ್ತಿನಾದ್ಯಂತ ಸುಮಾರು 5 ಕೋಟಿ 70 ಲಕ್ಷ ಡಾಲರ್ ಗಳಿಸಿತು. ಆ ವರ್ಷದ ಬ್ರಿಟಿಷ್ ಇಂಡಿಪೆಂಡೆಂಟ್ ಫಿಲಂ ಅವಾರ್ಡ್ಸ್‌ನಲ್ಲಿ ಮಾರ್ಷಲ್ ಅತ್ಯುತ್ತಮ ನಿರ್ದೇಶಕರಾದರು.

ಗೆದ್ದವರಿಗೆ ದುಡ್ಡು ಬರುತ್ತದೆ. 2008ರ ‘ಡೂಮ್ಸ್‌ಡೇ’ಗೆ 1 ಕೋಟಿ 70 ಲಕ್ಷ ಪೌಂಡ್ ಸಿಕ್ಕಿತು. ಒಂದೇ ಸಲಕ್ಕೆ ಐದು ಪಟ್ಟು. ಇಲ್ಲಿ ಮೊದಲ ಸಲ ಗೋಡೆ ಬರುತ್ತದೆ. ಮಾರಕ ವೈರಸ್ ಹರಡಿದ ಸ್ಕಾಟ್ಲೆಂಡಿಗೆ ಅಡ್ಡಲಾಗಿ ಗೋಡೆ ಕಟ್ಟಿ ಒಳಗಿದ್ದವರನ್ನು ಸಾಯಲು ಬಿಟ್ಟಿದ್ದಾರೆ. ಹೇಡ್ರಿಯನ್ನನ ಗೋಡೆಯೇ ಹೊಸ ಕಾಂಕ್ರೀಟಿನಲ್ಲಿ. ಐಡಿಯಾ ಅದ್ಭುತ. ಆದರೆ ನಾಯಕಿ ರೋನಾ ಮಿತ್ರಾ ಗೋಡೆ ದಾಟಿ ಒಳಗೆ ಹೋದ ಮೇಲೆ ಚಿತ್ರಕ್ಕೆ ಲಂಗು ಲಗಾಮೇ ಇಲ್ಲ. ಮೊದಲು ನರಭಕ್ಷಕ ಪಂಕ್ ಗ್ಯಾಂಗು, ಆಮೇಲೆ ಕೋಟೆಯಲ್ಲಿ ಕುದುರೆ, ಕತ್ತಿ, ಕವಚ, ಕೊನೆಗೆ ಬೆಂಟ್ಲಿ ಕಾರಿನ ಚೇಸ್. ಒಂದೇ ಎಲೆಗೆ ಹೋಳಿಗೆ, ಬಿರಿಯಾನಿ, ಐಸ್‌ಕ್ರೀಮ್ ಮೂರನ್ನೂ ಒಟ್ಟಿಗೆ ಬಡಿಸಿದ ಹಾಗೆ. ನನಗೆ ಇದರ ಮೇಲೆ ಒಂದು ಗುಟ್ಟಿನ ಪ್ರೀತಿ ಇದೆ, ಸುಳ್ಳು ಹೇಳುವುದಿಲ್ಲ. ಎಂಬತ್ತರ ದಶಕದ ಕ್ಯಾಸೆಟ್ ನೋಡಿ ಬೆಳೆದ ಹುಡುಗನ ಕೈಗೆ ಮೊದಲ ಸಲ ದುಡ್ಡು ಸಿಕ್ಕಿದ ಖುಷಿ ಅದು. ಪ್ರೇಕ್ಷಕರಿಗೆ ಅದು ಹಿಡಿಸಲಿಲ್ಲ. ಬಂದಿದ್ದು 2 ಕೋಟಿ 20 ಲಕ್ಷ ಡಾಲರಿನ ಆಸುಪಾಸು. ಹಾಕಿದ್ದೇ ವಾಪಸ್ ಬರಲಿಲ್ಲ.

2010ರ ‘ಸೆಂಚುರಿಯನ್’ ಎರಡನೇ ಗೋಡೆ, ಅಂದರೆ ನಿಜವಾದ ಗೋಡೆ ಏಳುವ ಕಾಲದ ಕಥೆ. ಉತ್ತರಕ್ಕೆ ಹೋದ ರೋಮಿನ ಒಂಬತ್ತನೇ ಸೇನೆ, ಬದುಕುಳಿದ ಬೆರಳೆಣಿಕೆಯ ಜನ, ಬೆನ್ನಟ್ಟುವ, ಉತ್ತರದ ಪಿಕ್ಟ್ ಜನಾಂಗದ ಬೇಟೆಗಾರ್ತಿ. ಮೈಕಲ್ ಫಾಸ್‌ಬೆಂಡರ್ ಹಿಮದಲ್ಲಿ ಓಡಿದ್ದೇ ಓಡಿದ್ದು. ಚಳಿ ನಿಜ, ಬೆಟ್ಟ ನಿಜ, ನೋಡುವುದಕ್ಕೂ ಚಂದ. ಒಂದು ಸಲ ನೋಡಿ. ಎರಡನೇ ಸಲ ಬೇಡ.

ಇಷ್ಟು ಹೊತ್ತಿಗೆ ಅವರ ಹೆಸರು ಮಂಕಾಗಿತ್ತು. ಆಗ ಒಂದು ಫೋನ್ ಬಂತು.

‘ಗೇಮ್ ಆಫ್ ಥ್ರೋನ್ಸ್’ ಎರಡನೇ ಸೀಸನ್ನಿನ ಒಂಬತ್ತನೇ ಎಪಿಸೋಡ್ ‘ಬ್ಲ್ಯಾಕ್‌ವಾಟರ್’. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಅವರೇ ಅದರ ಚಿತ್ರಕಥೆ ಬರೆದಿದ್ದರು. ನಿರ್ದೇಶಿಸಬೇಕಿದ್ದವರು ಮನೆಯ ತುರ್ತಿನಿಂದ ಹಿಂದೆ ಸರಿದರು. ಚಿತ್ರೀಕರಣಕ್ಕೆ ಒಂದು ವಾರ ಇದೆ ಅನ್ನುವಾಗ ಮಾರ್ಷಲ್ ಅವರನ್ನು ಕರೆದರು. ಒಂದು ವಾರ! ನಮ್ಮಲ್ಲಿ ಮದುವೆ ಆಲ್ಬಂ ಎಡಿಟ್ ಮಾಡಲೂ ಅದಕ್ಕಿಂತ ಜಾಸ್ತಿ ಸಮಯ ಕೇಳುತ್ತಾರೆ.

ಯಾಕೆ ಅವರನ್ನೇ ಕರೆದರು? ಕಡಿಮೆ ದುಡ್ಡಿನಲ್ಲಿ ದೊಡ್ಡ ಹೊಡೆದಾಟ ತೆಗೆಯಬಲ್ಲವರು ಎಂದು. ಈ ಎಪಿಸೋಡ್ ಬೇರೆ ಎಲ್ಲಿಗೂ ಹೋಗುವುದಿಲ್ಲ. ಇಡೀ ಕಥೆ ಒಂದೇ ಊರು, ಒಂದೇ ರಾತ್ರಿ. ಹೊರಗೆ ಹಡಗಿನಲ್ಲಿ ಬಂದ ಶತ್ರು, ಒಳಗೆ ಹೆದರಿದ ಜನ, ನಡುವೆ ಒಂದು ಕೋಟೆ ಬಾಗಿಲು. ‘ಡಾಗ್ ಸೋಲ್ಜರ್ಸ್’ ಮನೆಯೇ ದೊಡ್ಡದಾಗಿದೆ, ಅಷ್ಟೇ. ಕಟ್ಟಿದ್ದ ಹಡಗಿನ ಸೆಟ್ ಒಂದೇ. ಅದನ್ನೇ ಬೇರೆ ಬೇರೆ ಹಡಗು ಎಂದು ತೋರಿಸಬೇಕು. ರಾತ್ರಿ ಆದ್ದರಿಂದ ನಡೆಯಿತು. ಹಸಿರು ಬೆಂಕಿ ಸಿಡಿಯುವ ಮೊದಲು ಆ ಸದ್ದಿಲ್ಲದ ಕ್ಷಣಗಳನ್ನು ಗಮನಿಸಿ. ದಾಳಿಗೆ ಬಂದವರಿಗೆ ಎದುರಿಗೆ ಒಂದು ಖಾಲಿ ಹಡಗು ಮಾತ್ರ ಕಾಣುತ್ತದೆ. ಅದರಿಂದ ನೀರಿಗೆ ಏನೋ ಸೋರುತ್ತಿದೆ. ಏನಾಗುತ್ತದೆ ಎಂದು ನಮಗೆ ಅವರಿಗಿಂತ ಒಂದು ನಿಮಿಷ ಮೊದಲೇ ಗೊತ್ತು. ಆ ಒಂದು ನಿಮಿಷವನ್ನು ಎಳೆದ ರೀತಿ ಪಕ್ಕಾ ಎಡಿಟರನದ್ದು.

2014ರಲ್ಲಿ ಮತ್ತೆ ಕರೆದರು. ನಾಲ್ಕನೇ ಸೀಸನ್ನು, ಒಂಬತ್ತನೇ ಎಪಿಸೋಡು, ‘ದ ವಾಚರ್ಸ್ ಆನ್ ದ ವಾಲ್’. ಮೂರನೇ ಗೋಡೆ ಇದೇ. ಮಾರ್ಟಿನ್ ಅವರಿಗೆ ಕಥೆಯಲ್ಲಿ ಬರುವ ಆ ಹಿಮದ ಗೋಡೆಯ ಕಲ್ಪನೆ ಬಂದಿದ್ದೇ ಹೇಡ್ರಿಯನ್ನನ ಗೋಡೆಯ ಮೇಲೆ ನಿಂತಾಗ. ಹೇಡ್ರಿಯನ್ನನ ಗೋಡೆ ಪಕ್ಕದ ಊರಿನ ಹುಡುಗನೇ ಆ ಹಿಮದ ಗೋಡೆಗೆ ಮುತ್ತಿಗೆ ಹಾಕಿಸಿದ.

ಇದರಲ್ಲಿ ಒಂದು ಶಾಟ್ ಇದೆ. ನಾನು ಕೆಲಸ ಕಲಿಯಲು ಬಂದ ಹುಡುಗರಿಗೆಲ್ಲ ತೋರಿಸುತ್ತೇನೆ. ಕೋಟೆಯ ಅಂಗಳದ ನಡುವೆ ಕ್ಯಾಮೆರಾ ಒಂದು ಪೂರ್ತಿ ಸುತ್ತು ತಿರುಗುತ್ತದೆ. ಕಟ್ಟೇ ಇಲ್ಲ. ಒಂದು ಮೂಲೆಯಲ್ಲಿ ಗೋಡೆ ಕಾಯುವ ಜಾನ್ ಸ್ನೋ ಹೊಡೆದಾಡುತ್ತಿದ್ದಾನೆ, ಇನ್ನೊಂದು ಕಡೆ ದಾಳಿಗೆ ಬಂದ ಟಾರ್ಮಂಡ್, ಮತ್ತೊಂದು ಕಡೆ ಬಿಲ್ಲು ಹಿಡಿದ ಇಗ್ರಿಟ್, ಜಾನ್ ಬಿಟ್ಟು ಬಂದ ಪ್ರೇಯಸಿ. ಎಲ್ಲರೂ ಒಂದೇ ಅಂಗಳದಲ್ಲಿ ಇದ್ದಾರೆ, ಯಾರು ಯಾರಿಗೆ ಎಷ್ಟು ಹತ್ತಿರ ಎನ್ನುವುದು ಒಂದೇ ಸುತ್ತಿನಲ್ಲಿ ತಲೆಗೆ ಹೋಗುತ್ತದೆ. ಮುಂದೆ ಜಾನ್ ಮತ್ತು ಇಗ್ರಿಟ್ ಎದುರಾಗುವುದು ಆಕಸ್ಮಿಕ ಅನ್ನಿಸುವುದಿಲ್ಲ. ಅಯ್ಯೋ ಬಂದಳು, ಅನ್ನಿಸುತ್ತದೆ. ಕತ್ತರಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ಎಲ್ಲಿ ಕತ್ತರಿಸಬಾರದು ಅನ್ನುವುದೂ ಗೊತ್ತಿರಬೇಕು. ಈ ಎಪಿಸೋಡಿಗೆ ಅವರು ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯ ನಿರ್ದೇಶನ ವಿಭಾಗದಲ್ಲಿ ನಾಮನಿರ್ದೇಶನಗೊಂಡರು.

ಅದೇ ವರ್ಷಗಳಲ್ಲಿ ಟಿವಿಯಲ್ಲಿ ಕೈತುಂಬ ಕೆಲಸ. ‘ಬ್ಲ್ಯಾಕ್ ಸೇಲ್ಸ್’, ‘ಕಾನ್‌ಸ್ಟಂಟೀನ್’ ಸರಣಿಗಳ ಮೊದಲ ಎಪಿಸೋಡ್, ‘ಹ್ಯಾನಿಬಲ್’ನಲ್ಲಿ ಒಂದು, ‘ವೆಸ್ಟ್‌ವರ್ಲ್ಡ್’ನಲ್ಲಿ ಒಂದು, 2018ರ ‘ಲಾಸ್ಟ್ ಇನ್ ಸ್ಪೇಸ್’ನ ಆರಂಭ. ಸರಣಿಗೆ ಬಾಗಿಲು ತೆರೆದುಕೊಡುವ ಕೆಲಸಕ್ಕೆ ಅವರನ್ನು ನಂಬುತ್ತಿದ್ದರು.

ಈಗ ನಿಮ್ಮ ‘ಹೆಲ್‌ಬಾಯ್’. 5 ಕೋಟಿ ಡಾಲರ್ ಬಜೆಟ್, ನಟರು ಡೇವಿಡ್ ಹಾರ್ಬರ್, ಮಿಲಾ ಯೋವೊವಿಚ್, ಇಯಾನ್ ಮೆಕ್‌ಶೇನ್. ಜಗತ್ತಿನಾದ್ಯಂತ ಬಂದಿದ್ದು ಹೆಚ್ಚೂ ಕಮ್ಮಿ ಹಾಕಿದಷ್ಟೇ. ಥಿಯೇಟರುಗಳ ಪಾಲು, ಪ್ರಚಾರದ ಖರ್ಚು ಕಳೆದರೆ ಅದು ನಷ್ಟ. ಚಿತ್ರ ತನ್ನ ಹಿಡಿತದಲ್ಲಿ ಇರಲಿಲ್ಲ ಎಂದು ಮಾರ್ಷಲ್ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹಾಗಾದರೆ ತಪ್ಪೆಲ್ಲ ನಿರ್ಮಾಪಕರದ್ದು, ಪ್ರಕರಣ ಮುಗಿಯಿತು ಅನ್ನಬಹುದು. ಎಲ್ಲರೂ ಹಾಗೇ ಅನ್ನುತ್ತಾರೆ.

ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ನಲ್ಲೂ ಕೊನೆಯ ಮಾತು ಅವರದ್ದಾಗಿರಲಿಲ್ಲ. ಕಥೆ ಬೇರೆಯವರದ್ದು, ನಟರು ಬೇರೆಯವರು ಆರಿಸಿದ್ದು. ಟಿವಿಯಲ್ಲಿ ನಿರ್ದೇಶಕ ಅಂದರೆ ಅತಿಥಿ. ಅಲ್ಲಿ ಗೆದ್ದರಲ್ಲ? ವ್ಯತ್ಯಾಸ ಕಥೆಯ ಆಕಾರದಲ್ಲಿದೆ. ಅಲ್ಲಿ ಒಂದು ಗೋಡೆ ಇತ್ತು. ‘ಹೆಲ್‌ಬಾಯ್’ನಲ್ಲಿ ಆರ್ಥರ್ ರಾಜನ ಕಾಲದಿಂದ ಶುರುವಾಗಿ ಮೆಕ್ಸಿಕೋ, ಇಂಗ್ಲೆಂಡಿನ ದೈತ್ಯರು, ಲಂಡನ್ ಮೇಲೆ ನರಕ ಎಂದು ಕಥೆ ಊರೂರು ಸುತ್ತುತ್ತದೆ. ಎಲ್ಲೂ ಹತ್ತು ನಿಮಿಷ ಕೂರುವುದಿಲ್ಲ. ಗ್ರಾಫಿಕ್ಸ್ ಬೇರೆ. ಮರಗಾಲಿನ ತೂಕ ಇಲ್ಲ.

ಒಂದು ಪರೀಕ್ಷೆ ಮಾಡಿ ನೋಡಿ. ನೀವು ಅರ್ಧಕ್ಕೆ ಎದ್ದಿರಿ ಅಂದಿರಿ. ಬಾಬಾ ಯಾಗಾ ಎಂಬ ಮಾಟಗಾತಿಯ ಮನೆಯ ದೃಶ್ಯ ನೋಡಿದ್ದೀರಾ? ಕೋಳಿ ಕಾಲಿನ ಮೇಲೆ ನಡೆಯುವ ಮನೆ. ಒಳಗೆ ಇಕ್ಕಟ್ಟು, ಕೊಳಕು, ಮಂದ ಬೆಳಕು. ಒಂದು ಊಟದ ಮೇಜು, ಎರಡು ಪಾತ್ರ. ಆ ಕೆಲವು ನಿಮಿಷ ಚಿತ್ರಕ್ಕೆ ಜೀವ ಬರುತ್ತದೆ. ನಾಲ್ಕು ಗೋಡೆ ಸಿಕ್ಕಿದ ತಕ್ಷಣ ಹಳೆಯ ಮಾರ್ಷಲ್ ಎದ್ದು ಕೂರುತ್ತಾರೆ. ಬಾಗಿಲು ದಾಟಿದ ಮೇಲೆ ಮತ್ತೆ ಗದ್ದಲ.

ಹಾಗಂತ ಗೋಡೆ ಇದ್ದರೆ ಸಾಕು ಎಂದೂ ಅಲ್ಲ. ಅದಕ್ಕೆ ಸಾಕ್ಷಿ ಆಮೇಲಿನ ಚಿತ್ರಗಳು. ‘ಹೆಲ್‌ಬಾಯ್’ ನಂತರ ಅವರು ದೊಡ್ಡ ಸ್ಟುಡಿಯೋ ಬಿಟ್ಟು ಸಣ್ಣ ಬಜೆಟ್ಟಿಗೆ ಮರಳಿದರು. ನಟಿ ಷಾರ್ಲೆಟ್ ಕರ್ಕ್ ಜೊತೆ ಸೇರಿ ಬರೆದ ‘ದ ರೆಕನಿಂಗ್’ 2020ರಲ್ಲಿ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. 1665ರ ಪ್ಲೇಗ್ ಕಾಲದಲ್ಲಿ ಮಾಟಗಾತಿ ಎಂಬ ಆರೋಪ ಹೊತ್ತ ವಿಧವೆಯ ಕಥೆ. 2022ರ ‘ದ ಲೇರ್’ನಲ್ಲಂತೂ ಹಳೆಯ ಅಡುಗೆಯನ್ನೇ ಮತ್ತೆ ಬಿಸಿ ಮಾಡಿದರು. ಅಫ್ಘಾನಿಸ್ತಾನದಲ್ಲಿ ಒಂದು ಸೇನಾ ನೆಲೆ, ಸೋವಿಯತ್ ಕಾಲದ ಬಂಕರಿನಿಂದ ಹೊರಬಂದ ವಿಚಿತ್ರ ಜೀವಿಗಳು, ಒಳಗೆ ಸಿಕ್ಕಿಬಿದ್ದ ಸೈನಿಕರು. ಮುತ್ತಿಗೆ ಇದೆ, ರಬ್ಬರ್ ವೇಷ ಇದೆ, ಸ್ವಾತಂತ್ರ್ಯವೂ ಇದೆ. ಆದರೂ ಸಪ್ಪೆ.

ಯಾಕೆ? ಸೈನಿಕರ ಮಾತು ಕೇಳಿ. ‘ಡಾಗ್ ಸೋಲ್ಜರ್ಸ್’ ಹುಡುಗರು ಮ್ಯಾಚ್ ಬಗ್ಗೆ ಗೊಣಗುತ್ತಿದ್ದರು. ಇವರು ಡೈಲಾಗ್ ಹೊಡೆಯುತ್ತಾರೆ. ‘ಡಿಸೆಂಟ್’ನಲ್ಲಿ ಅರ್ಧ ಸಿನಿಮಾ ಕಾಯಿಸಿದ ನಿರ್ದೇಶಕರಿಗೆ ಇಲ್ಲಿ ತಾಳ್ಮೆಯೇ ಇಲ್ಲ, ಜೀವಿಗಳನ್ನು ಬೇಗ ಮುಂದೆ ನಿಲ್ಲಿಸಿಬಿಡುತ್ತಾರೆ. ಇನ್ನೊಂದು ನನ್ನ ಅನುಮಾನ, ಕಸುಬಿನವನಾಗಿ ಹೇಳುತ್ತಿದ್ದೇನೆ. ಮೊದಲ ನಾಲ್ಕು ಚಿತ್ರಗಳಲ್ಲೂ ಕ್ಯಾಮೆರಾ ಸ್ಯಾಮ್ ಮೆಕ್‌ಕರ್ಡಿ, ಸೆಟ್ ಸೈಮನ್ ಬೋಲ್ಸ್. ‘ಬ್ಲ್ಯಾಕ್‌ವಾಟರ್’ಗೂ ಮೆಕ್‌ಕರ್ಡಿ ಅವರದೇ ಕ್ಯಾಮೆರಾ. ಒಟ್ಟಿಗೆ ಬೆಳೆದ ತಂಡ ಅದು. ‘ಇದು ಬೇಡ ಮಾರಾಯ’ ಎಂದು ಮುಖಕ್ಕೆ ಹೇಳುವವರು ಪಕ್ಕದಲ್ಲಿ ಇರಬೇಕು. ಅಂಥವರಿಲ್ಲದ ಸ್ವಾತಂತ್ರ್ಯ ನಿರ್ಮಾಪಕರ ಕಾಟಕ್ಕಿಂತ ಜಾಸ್ತಿ ಹಾಳು ಮಾಡಿದ್ದನ್ನು ನಾನು ಇಲ್ಲಿ, ನಮ್ಮ ಗಾಂಧಿನಗರದಲ್ಲೇ ಎಷ್ಟೋ ಸಲ ಕಂಡಿದ್ದೇನೆ.

ಹಾಗಾಗಿ ‘ಸರಕು ಮುಗಿಯಿತಾ’ ಎಂಬ ನಿಮ್ಮ ಪ್ರಶ್ನೆಗೆ ಇಲ್ಲ ಅಂತಲೇ ಹೇಳುತ್ತೇನೆ. ಕಸುಬು ಕೈ ಬಿಟ್ಟು ಹೋಗಿಲ್ಲ. ಬಿಗಿಯಾದ ಚಿತ್ರಕಥೆ, ಒಂದು ಜಾಗ, ಒಂದು ರಾತ್ರಿ, ಎದುರುತ್ತರ ಕೊಡುವ ತಂಡ. ಇಷ್ಟನ್ನು ಯಾರಾದರೂ ಅವರ ಕೈಗೆ ಕೊಟ್ಟರೆ ಇನ್ನೊಂದು ಒಳ್ಳೆಯದು ಬಂದೀತು. 2024ರ ‘ಡಚೆಸ್’ ಅಂಥದ್ದಲ್ಲ. ವಜ್ರದ ಕಳ್ಳಸಾಗಣೆ, ಸೇಡು ಅಂತೆಲ್ಲ ಇದೆ. ಬಿಟ್ಟರೆ ನಷ್ಟವಿಲ್ಲ.

ಏನು ನೋಡಬೇಕು ಅಂದರೆ, ಮೊದಲು ‘ಡಾಗ್ ಸೋಲ್ಜರ್ಸ್’. ಆಮೇಲೆ ‘ಬ್ಲ್ಯಾಕ್‌ವಾಟರ್’ ಮತ್ತು ‘ವಾಚರ್ಸ್’ ಎರಡನ್ನೂ ಬೆನ್ನುಬೆನ್ನಿಗೆ, ಈ ಸಲ ಕಥೆಗಲ್ಲ, ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡುವುದಕ್ಕೆ. ‘ಡೂಮ್ಸ್‌ಡೇ’ ಗೆಳೆಯರು ಸೇರಿದ ಶನಿವಾರ ರಾತ್ರಿಗೆ.

‘ಡಿಸೆಂಟ್’ ಮಾತ್ರ ಇನ್ನೊಮ್ಮೆ ನೋಡಿ, ಬ್ರಿಟಿಷ್ ಮುಕ್ತಾಯ ಇರುವ ಪ್ರತಿಯನ್ನೇ ಹುಡುಕಿ. ರೂಮಿನ ದೀಪ ಪೂರ್ತಿ ಆರಿಸಿ. ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಮೂವಿ’ ಅಥವಾ ‘ಸಿನಿಮಾ’ಗೆ ಬದಲಿಸಿ. ವಿವಿಡ್‌ನಲ್ಲಿ ಆ ಕಪ್ಪು ಬೂದಿಯಾಗುತ್ತದೆ, ಮೆಕ್‌ಕರ್ಡಿ ಪಟ್ಟ ಕಷ್ಟವೆಲ್ಲ ನೀರುಪಾಲು. ಚಲನೆಯನ್ನು ನಯ ಮಾಡುವ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಗುಹೆ ಧಾರಾವಾಹಿ ಸೆಟ್ಟಿನ ಹಾಗೆ ಕಾಣುತ್ತದೆ. ಫೋನಿನಲ್ಲಂತೂ ಬೇಡವೇ ಬೇಡ. ಗೆಳೆಯನನ್ನೂ ಕರೆಯಿರಿ, ವಾದ ಗೆದ್ದ ಖುಷಿ ಅವರಿಗೂ ಸಿಗಲಿ. ಮಾರನೇ ದಿನ ಲಿಫ್ಟ್ ಬೇಡ ಅನ್ನಿಸಿದರೆ ಮೆಟ್ಟಿಲು ಇದ್ದೇ ಇದೆ.